ಚೈತ್ರದ ಭಾನುವಾರಕ್ಕೊಂದಿಷ್ಟು ಕಿವಿಮಾತು

ಯುಗಾದಿ ಕಳೆದ ಮೇಲಿನ ಭಾನುವಾರಗಳು ಮನೆಯಲ್ಲೇ ಇರುವುದಕ್ಕೆ ಹೇಳಿ ಮಾಡಿಸಿದವು. ಮಾವಿನಕಾಯಿ ಬಂದಿರುತ್ತದೆ, ಹೊಸ ಹುಣಸೆ ಬಂದಿರುತ್ತದೆ, ಮಕ್ಕಳ ಪರೀಕ್ಷೆಯೂ ಮುಗಿದಿರುತ್ತದೆ. ಆದರೆ ಎಲ್ಲರಿಗೂ ರಜೆ ಅಂದ ದಿನವೇ ಅಡುಗೆಮನೆಯಲ್ಲಿರುವವರಿಗೆ ದುಪ್ಪಟ್ಟು ಕೆಲಸ ಬೀಳುತ್ತದೆ. ಹಾಗಾಗದಂತೆ ನೋಡಿಕೊಳ್ಳಿ.

• ಸಂಡಿಗೆ ಮಾಡುವುದಿದ್ದರೆ ಶನಿವಾರ ರಾತ್ರಿಯೇ ಸಬ್ಬಕ್ಕಿ ನೆನೆಹಾಕಿ ಮಲಗಿ. ಬೆಳಿಗ್ಗೆ ನೆನಪಾದರೆ ಅದು ನೆನೆಯುವಷ್ಟರಲ್ಲಿ ಒಳ್ಳೆಯ ಬಿಸಿಲು ಕೈತಪ್ಪಿರುತ್ತದೆ.

• ಭಾನುವಾರ ಅಂತ ಎಂಟರವರೆಗೆ ಹೊದ್ದು ಮಲಗಬೇಡಿ. ಬೇಗ ಎದ್ದರೆ ಒಲೆ ಮುಂದಿನ ಕೆಲಸ ತಂಪು ಹೊತ್ತಿನಲ್ಲೇ ಮುಗಿಯುತ್ತದೆ. ಮಧ್ಯಾಹ್ನ ಊಟವಾದ ಮೇಲೆ ಎಷ್ಟು ಬೇಕಾದರೂ ನಿದ್ದೆ ಮಾಡಿ.

• ಸಂಡಿಗೆಯ ಸಬ್ಬಕ್ಕಿ ಗಾಜಿನಂತೆ ಹೊಳೆಯುವವರೆಗೆ ತಳ ಹತ್ತದಂತೆ ಕೈಯಾಡಿಸಿ. ರುಬ್ಬಿದ ಹಸಿಮೆಣಸಿನಕಾಯಿ, ಜೀರಿಗೆ, ಇಂಗು ಹಾಕಿ. ನಿಂಬೆರಸ ಕೆಳಗಿಳಿಸಿದ ಮೇಲೆ. ಉಪ್ಪು ಮಾತ್ರ ಸ್ವಲ್ಪ ಕಡಿಮೆಯೇ ಇರಲಿ, ಹಸಿಯಲ್ಲಿ ಸರಿ ಅನ್ನಿಸಿದ್ದು ಒಣಗಿದ ಮೇಲೆ ಉಪ್ಪುಪ್ಪಾಗುತ್ತದೆ. ಹಳೆಯ ಪಂಚೆ ಹಾಸಿ, ಸಂಡಿಗೆ ಇಡುವ ಕೆಲಸ ಮಕ್ಕಳಿಗೆ ಕೊಡಿ. ಒಂದು ದೊಡ್ಡದು, ಒಂದು ಚಿಕ್ಕದು ಆದರೆ ಬೈಯಬೇಡಿ. ಎಣ್ಣೆಗೆ ಬಿದ್ದ ಮೇಲೆ ಎಲ್ಲವೂ ಅರಳುತ್ತವೆ. ಬಟ್ಟೆಗೆ ಅಂಟಿಕೊಂಡರೆ ಎಳೆದು ಮುರಿಯಬೇಡಿ. ಬಟ್ಟೆ ಮಗುಚಿ ಹಿಂದಿನಿಂದ ನೀರು ಚಿಮುಕಿಸಿ, ಸಲೀಸಾಗಿ ಬಿಡುತ್ತದೆ. ಆಮೇಲೆ ಇನ್ನೊಂದು ಬಿಸಿಲು ತೋರಿಸಲು ಮರೆಯಬೇಡಿ, ಇಲ್ಲವಾದರೆ ಡಬ್ಬಿಯಲ್ಲಿ ಬೂಷ್ಟು ಹಿಡಿಯುತ್ತದೆ.

• ಏಪ್ರಿಲ್ ಮಧ್ಯಕ್ಕೆ ಅಶ್ವಿನಿ ಮಳೆ ಹುಟ್ಟುತ್ತದೆ. ಬೆಳಿಗ್ಗೆ ಸುಡುವ ಬಿಸಿಲಿದ್ದರೂ ಸಂಜೆ 4ಕ್ಕೆ ಗುಡುಗಬಹುದು. ನಿದ್ದೆಗೆ ಮುಂಚೆ ಫೋನಿನಲ್ಲಿ ಅಲಾರಂ ಇಟ್ಟುಕೊಳ್ಳಿ, ತಾರಸಿಯ ಮೇಲೆ ಹಾಕಿದ್ದು ನೆನೆದರೆ ಬೆಳಗಿನ ದುಡಿಮೆಯೆಲ್ಲ ನೀರುಪಾಲು.

• ತಾರಸಿಗೆ ಹೋಗುವಾಗ ಹಕ್ಕಿಗಳಿಗೂ ಒಂದು ಮಣ್ಣಿನ ತಟ್ಟೆಯಲ್ಲಿ ನೀರಿಡಿ. ದಿನಾ ಚೆಲ್ಲಿ ಹೊಸದು ತುಂಬಿ; ನಿಂತ ನೀರಿಗೆ ಸೊಳ್ಳೆ ಬರುತ್ತದೆ.

• ಊಟಕ್ಕೆ ಮಾವಿನಕಾಯಿ ಚಿತ್ರಾನ್ನ, ಹೆಸರುಬೇಳೆ ಕೋಸಂಬರಿ, ಮಜ್ಜಿಗೆ ಸಾಕು. ನಾಲ್ಕು ಬಗೆ ಮಾಡಿ ಬೆವರಿಳಿಸಿಕೊಂಡು ಕೂತರೆ ತಿನ್ನುವ ಆಸೆಯೇ ಉಳಿಯುವುದಿಲ್ಲ. ಕಾಯಿಯನ್ನು ಒಂದು ಚೂರು ಬಾಯಿಗೆ ಹಾಕಿ ನೋಡಿಯೇ ತುರಿ ಬೆರೆಸಿ. ತೋತಾಪುರಿಗೆ ಹುಳಿ ಕಡಿಮೆ, ನಾಟಿ ಕಾಯಿಗೆ ಜಾಸ್ತಿ. ಕೋಸಂಬರಿಗೆ ಉಪ್ಪು ಬಡಿಸುವ ಹೊತ್ತಿಗೆ ಹಾಕಿ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ.

• ಕುಡಿಯುವ ನೀರಿನ ಮಡಕೆ ತೊಳೆಯಲು ಸೋಪು ಬೇಡ. ಮಣ್ಣು ಅದನ್ನು ಹೀರಿಕೊಂಡು ನೀರಿಗೆ ವಾಸನೆ ಕೊಡುತ್ತದೆ.

• ಮಧ್ಯಾಹ್ನ ಎಲ್ಲರೂ ಸುತ್ತ ಕೂತು ಹೊಸ ಹುಣಸೆ ಬಿಡಿಸಿ. ನಾರು, ಬೀಜ ತೆಗೆದು, ಒಣಗಿಸಿ, ಕಲ್ಲುಪ್ಪು ಬೆರೆಸಿ ಜಾಡಿಯಲ್ಲಿ ಒತ್ತಿಟ್ಟರೆ ವರ್ಷವಿಡೀ ಸಾರಿಗಾಯಿತು. ಲೋಹದ ಡಬ್ಬಿ ಬೇಡ, ಹುಳಿ ಅದನ್ನು ತಿನ್ನುತ್ತದೆ.

• ಬೀಜವನ್ನೆಲ್ಲ ಗುಡಿಸಿ ಎಸೆಯಬೇಡಿ. 4 ಬೀಜ ಆರಿಸಿ, ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದು ಮನೆ ಬರೆಯಿರಿ. ಚೌಕಾಬಾರ ಆಡಲು ಬಿಡಿಗಾಸು ಖರ್ಚಿಲ್ಲ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕೂ ಕಪ್ಪು ಬಿದ್ದರೆ ಬಾರ. ಅಜ್ಜ ಅಜ್ಜಿಯನ್ನು ಖಂಡಿತ ಕರೆಯಿರಿ. ಯಾವ ಕಾಯಿ ಹೊಡೆಯಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತು, ಮಕ್ಕಳ ಜೊತೆ ಜಗಳವಾಡಿಕೊಂಡು ಆಡುವುದು ಅವರಿಗೂ ಇಷ್ಟ.

• ರಾತ್ರಿಗೆ ಹೊಸ ಅಡುಗೆ ಬೇಡ. ಒಗ್ಗರಣೆ ಹಾಕಿದ ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ ಇದ್ದರೆ ಆಯಿತು. ಪಾತ್ರೆಗಳನ್ನು ಮಾತ್ರ ಬೆಳಗಿನಿಂದ ಅಡುಗೆ ಮಾಡಿದವರಿಗೆ ಬಿಡಬೇಡಿ. ಉಳಿದವರೆಲ್ಲ ಸೇರಿ ಆ ರಾತ್ರಿಯೇ ತೊಳೆದು ಬೋರಲು ಹಾಕಿ, ಅವರನ್ನು ಸ್ವಲ್ಪ ಹೊತ್ತು ಜಗಲಿಯ ಗಾಳಿಗೆ ಕೂರಿಸಿ.