ಏನೂ ಅಡ್ಡಿ ಇಲ್ಲದಿದ್ದರೆ?

ಒಂದು ಪ್ರಶ್ನೆ ಕೇಳ್ತೀನಿ. ದುಡ್ಡು, ಟೈಮ್, ಮನೆಯವರ ಒಪ್ಪಿಗೆ ಎಲ್ಲಾ ಇದ್ದಿದ್ದರೆ ನೀವು ಏನು ಮಾಡ್ತಿದ್ರಿ? ಸಿನಿಮಾ? ಆಲ್ಬಮ್? ಪುಸ್ತಕ?

ನನ್ನದು ಹೇಳ್ತೀನಿ. ಕಳಸದ ಕಡೆ ಕಾಫಿ ತೋಟದ ಲೈನ್ ಮನೆಯಲ್ಲಿ ನಮ್ಮಜ್ಜಿ ಇದ್ದರು. ಹಣ್ಣು ಕುಯ್ಯುವಾಗ ಅವರು ಹಾಡ್ತಿದ್ದ ಹಾಡುಗಳನ್ನೆಲ್ಲಾ ರೆಕಾರ್ಡ್ ಮಾಡಬೇಕು ಅಂತ ನನಗೆ ಆಸೆ. ಒಳ್ಳೆ ಮೈಕ್ ತಗೊಂಡ ಮೇಲೆ ಮಾಡೋಣ ಅಂದುಕೊಂಡೆ. ಜೇಬಲ್ಲಿ ಫೋನ್ ಇತ್ತು! ಅಜ್ಜಿ ತೀರಿಹೋದರು. ಒಂದು ಹಾಡೂ ಉಳಿಯಲಿಲ್ಲ.

ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರನ್ನು ನೋಡಿ. ಕಾಫಿ ತೋಟ ಮಾಡಿಕೊಂಡೇ ಕಾದಂಬರಿ ಬರೆದರು, ಹಕ್ಕಿಗಳ ಫೋಟೋ ತೆಗೆದರು, ಚಿತ್ರ ಬಿಡಿಸಿದರು. 1980ರ ‘ಕರ್ವಾಲೊ’ದಲ್ಲಿ ಕಥೆ ಹೇಳುವವನೂ ಒಬ್ಬ ರೈತನೇ. ಅದರಲ್ಲಿರುವುದು ಜೇನು, ಮಂದಣ್ಣ, ಹಾರುವ ಓತಿ. ಸುತ್ತಮುತ್ತ ಇದ್ದದ್ದೇ ಅವರಿಗೆ ಸಾಕಾಯ್ತು.

ವಿಮೋಚನಕಾಂಡ 31ನೇ ಅಧ್ಯಾಯ ತೆಗೆಯಿರಿ. ದೇವರು ಬೆಚಲೇಲನನ್ನು ತನ್ನ ಆತ್ಮದಿಂದ ತುಂಬಿಸಿದನು. ಯಾತಕ್ಕೆ? ಚಿನ್ನ, ಬೆಳ್ಳಿ, ಕಲ್ಲು, ಮರದ ಕೈಕೆಲಸಕ್ಕೆ! ಪವಿತ್ರಾತ್ಮನ ವರ ಅಂದರೆ ನಾವು ಬರೀ ಪ್ರಸಂಗ, ಪ್ರವಾದನೆ ಅಂದ್ಕೋತೀವಿ. ಆತನ ಸ್ಟುಡಿಯೋ ಯಾವುದು? ಮರುಭೂಮಿ. ಸಾಮಗ್ರಿ? ಜನ ತಂದುಕೊಟ್ಟದ್ದೇ. ಅಡ್ಡಿಗಳು ತೀರಲಿ ಅಂತ ಕಾದಿದ್ದರೆ ದೇವದರ್ಶನದ ಗುಡಾರ ಏಳುತ್ತಲೇ ಇರಲಿಲ್ಲ.

ನಮ್ಮ ಲೈನ್‌ನಲ್ಲಿ ಹಾಡುವ ಅಜ್ಜಿಯರು ಇನ್ನೂ ಇಬ್ಬರಿದ್ದಾರೆ. ಬರುವ ಶನಿವಾರ ಫೋನ್ ಹಿಡ್ಕೊಂಡು ಹೋಗ್ತಿದ್ದೀನಿ. ನೀವು? ಈ ವಾರ ಒಂದೇ ಒಂದು ಗಂಟೆ, ಕೈಯಲ್ಲಿ ಇರೋದರಿಂದ ಶುರು ಮಾಡಿ. ಪ್ರಾರ್ಥನೆ ಮಾಡೋಣ. ಆಮೆನ್.