ಬೇಸಿಗೆಯ ಮುಗಿಲು ನೋಡುವಾಗ

'ಒಂದೆರಡು ಕಡೆ ಗುಡುಗು ಸಹಿತ ಮಳೆ' ಎಂದು ಹವಾಮಾನ ಇಲಾಖೆ ಹೇಳಿದ ದಿನ ನಿಮ್ಮ ಬೀದಿಗೆ ಹನಿಯೂ ಬೀಳದಿದ್ದರೆ ಬೈಯಬೇಡಿ. ಆ ಪ್ರದೇಶದ ಮಳೆಮಾಪನ ಕೇಂದ್ರಗಳ ಪೈಕಿ ಹೆಚ್ಚೆಂದರೆ ಶೇ. 25ರಲ್ಲಿ ಮಳೆಯಾದೀತು ಎಂದಷ್ಟೇ ಅದರ ಅರ್ಥ. 'ಭಾರಿ ಮಳೆ'ಗೂ ಅಳತೆಯಿದೆ: 24 ಗಂಟೆಯಲ್ಲಿ 64.5 ಮಿ.ಮೀ. ಆದರೂ ಆಗಬೇಕು.

ಮುನ್ಸೂಚನೆ ಜಿಲ್ಲೆಗೆ, ನಿಮ್ಮ ಊರಿನ ಮಟ್ಟಿಗೆ ತಲೆಯೆತ್ತಿ ನೋಡುವುದೂ ಬೇಕು. ಏಪ್ರಿಲ್–ಮೇ ತಿಂಗಳ ಮಧ್ಯಾಹ್ನ ಹೂಕೋಸಿನಂತೆ ಉಬ್ಬುತ್ತ ಮೇಲೇರುವ ಮೋಡದ ಮೇಲೆ ಕಣ್ಣಿಡಿ. ಅದರ ನೆತ್ತಿ ಚಪ್ಪಟೆಯಾಗಿ ಹರಡಿತೆಂದರೆ ಸಿಡಿಲು ಮೋಡ ಬಲಿತಿದೆ. ಒಳಗಿನ ರಭಸದ ಗಾಳಿ ನೀರಹನಿಗಳನ್ನು ಮೇಲಕ್ಕೆ ಒಯ್ದು ಹೆಪ್ಪುಗಟ್ಟಿಸುತ್ತದೆ. ಮಂಜುಗಡ್ಡೆಯ ಮೇಲೆ ಮತ್ತೆ ಪದರ ಕೂಡುತ್ತದೆ. ಗಾಳಿಗೆ ಹೊರಲಾಗದಷ್ಟು ಭಾರವಾದಾಗ ಬೀಳುವುದೇ ಆಲಿಕಲ್ಲು. ಮಾವು, ದ್ರಾಕ್ಷಿ ಬೆಳೆದವರಿಗೆ ಅದು ಸುರಿಯುವ ಹತ್ತು ನಿಮಿಷದ ಬೆಲೆ ಗೊತ್ತು.

ಮೋಡದ ತಳದಲ್ಲಿ ಸಾಲುಸಾಲಾಗಿ ಜೋತುಬಿದ್ದ ಗುಂಡು ಉಬ್ಬುಗಳು ಕಂಡರೆ 'ಪ್ರಳಯದ ಮುನ್ಸೂಚನೆ' ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚಬೇಡಿ (ಫೋಟೊ ತೆಗೆಯಿರಿ, ನೋಡಲು ಚೆಂದ). ಅವು ತಾವಾಗಿ ಏನೂ ಮಾಡವು. ಆದರೆ ಹತ್ತಿರದಲ್ಲೇ ಜೋರು ಗುಡುಗುಮಳೆ ಇರಬಹುದು.

ಮಿಂಚು ಕಂಡ 30 ಸೆಕೆಂಡಿನೊಳಗೆ ಗುಡುಗು ಕೇಳಿದರೆ ಸಿಡಿಲು ಹತ್ತು ಕಿಲೋಮೀಟರಿನ ಒಳಗೇ ಇದೆ. ಗದ್ದೆ ಬಿಟ್ಟು ಮನೆಯೊಳಗೆ ಬನ್ನಿ, ಮರದಡಿ ಬೇಡ. ಸಿಡಿಲಿನ ಎಚ್ಚರಿಕೆ ಕೊಡುವ, ಪುಣೆಯ ವಿಜ್ಞಾನಿಗಳು ರೂಪಿಸಿದ 'ದಾಮಿನಿ' ಆ್ಯಪ್ ಮೊಬೈಲಿನಲ್ಲಿರಲಿ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆಯುವವರೆಗೆ ಹೊರಗೆ ಹೋಗಬೇಡಿ.