ಕೋವಿಡ್ ಪರಿಹಾರ ಮತ್ತು ಕೃಷಿಕನ ದಾಸ್ತಾನು ಲೆಕ್ಕ: ಅಮೆರಿಕದ ಅನುಭವ

2020ರ ಆರಂಭದಲ್ಲಿ ಕೋವಿಡ್-19 ಸಾಂಕ್ರಾಮಿಕವು ಅಮೆರಿಕದ ಕೃಷಿ ಮಾರುಕಟ್ಟೆಗೆ ತೀವ್ರ ಪೆಟ್ಟು ನೀಡಿತು. ಹೋಟೆಲು, ಶಾಲೆಗಳು ಮುಚ್ಚಿದ್ದರಿಂದ ಹಾಲಿಗೆ ಕೊಳ್ಳುವವರು ಕಡಿಮೆಯಾದರು. ವಾಹನ ಸಂಚಾರ ಇಳಿದು ಎಥನಾಲ್ ಬೇಡಿಕೆ ಕುಗ್ಗಿದಾಗ ಅದರ ಕಚ್ಚಾವಸ್ತುವಾದ ಮೆಕ್ಕೆಜೋಳದ ಧಾರಣೆಯೂ ಕುಸಿಯಿತು. ಈ ನಷ್ಟವನ್ನು ಭಾಗಶಃ ತುಂಬಿಕೊಡಲು ಅಲ್ಲಿನ ಕೃಷಿ ಇಲಾಖೆಯು 2020ರ ಏಪ್ರಿಲ್ 17ರಂದು ಕೊರೋನಾ ಆಹಾರ ನೆರವು ಕಾರ್ಯಕ್ರಮವನ್ನು ಪ್ರಕಟಿಸಿತು. ಕೃಷಿಕರಿಗೆ ನೇರ ಪಾವತಿಗಾಗಿ 16 ಬಿಲಿಯನ್ ಡಾಲರ್ ಮೀಸಲಿಡಲಾಯಿತು.

ಅರ್ಜಿ ಮತ್ತು ಅರ್ಹತೆ

ಅಮೆರಿಕದ ಕೌಂಟಿಯು ರಾಜ್ಯದೊಳಗಿನ ಒಂದು ಆಡಳಿತ ಘಟಕ. 2020ರ ಮೇ 26ರಿಂದ ಕೌಂಟಿ ಮಟ್ಟದ ಕೃಷಿ ಸೇವಾ ಕಚೇರಿಗಳಲ್ಲಿ ಅರ್ಜಿ ಸ್ವೀಕರಿಸಲಾಯಿತು. ಒಬ್ಬ ವ್ಯಕ್ತಿಗೆ ಗರಿಷ್ಠ ಮಿತಿ 2,50,000 ಡಾಲರ್. ಬೆಳೆಯ ಲಾಭನಷ್ಟದಲ್ಲಿ ಪಾಲುದಾರನಾದವನಿಗೆ ಮಾತ್ರ ಪರಿಹಾರ ಸಲ್ಲುತ್ತಿತ್ತು. ಆದುದರಿಂದ ನಿಗದಿತ ನಗದು ಗೇಣಿ ಪಡೆಯುವ ಭೂಮಾಲೀಕನಿಗೆ ಹಕ್ಕಿರಲಿಲ್ಲ. ಬೆಳೆಯ ಪಾಲನ್ನೇ ಗೇಣಿಯಾಗಿ ಪಡೆಯುವವನಿಗೆ ಇತ್ತು.

ಲೆಕ್ಕದ ವಿಧಾನ

ಮೆಕ್ಕೆಜೋಳಕ್ಕೆ 2019ರ ಉತ್ಪಾದನೆಯ ಅರ್ಧ, ಅಥವಾ 2020ರ ಜನವರಿ 15ರಂದು ಬೆಲೆ ನಿಗದಿಯಾಗದೆ ಉಳಿದಿದ್ದ ದಾಸ್ತಾನು, ಇವೆರಡರಲ್ಲಿ ಕಡಿಮೆಯಾದುದನ್ನು ಪರಿಗಣಿಸಲಾಯಿತು. ಅದರ ಶೇ. 50ಕ್ಕೆ ಬುಷೆಲ್‌ಗೆ 0.32 ಮತ್ತು 0.35 ಡಾಲರ್‌ಗಳ ಎರಡು ದರಗಳನ್ನು ಅನ್ವಯಿಸಿ ಕೂಡಿಸಲಾಯಿತು.

ಉದಾಹರಣೆಗೆ, ಅಯೋವಾ ರಾಜ್ಯದ ಗ್ರಾಮೀಣ ಕೌಂಟಿಯೊಂದರ ಕೃಷಿಕನ ಉತ್ಪಾದನೆ 60,000 ಬುಷೆಲ್, ಜನವರಿ 15ರ ದಾಸ್ತಾನು 20,000 ಬುಷೆಲ್ ಎಂದಿಟ್ಟುಕೊಳ್ಳೋಣ. ಪರಿಗಣಿಸುವ ಪ್ರಮಾಣ 20,000. ಅದರ ಅರ್ಧ 10,000. ಮೊದಲ ದರದಂತೆ 3,200, ಎರಡನೆಯದರಂತೆ 3,500, ಒಟ್ಟು 6,700 ಡಾಲರ್. ಆರಂಭದಲ್ಲಿ ಶೇ. 80, ಅಂದರೆ 5,360 ಡಾಲರ್ ಪಾವತಿಯಾಗಿ, ಉಳಿದ 1,340 ಡಾಲರ್ ನಂತರ ಸಂದಾಯವಾಗುತ್ತದೆ.

ಅಷ್ಟೇ ಬೆಳೆದ ನೆರೆಯವನು ಜನವರಿ 15ಕ್ಕೆ ಮೊದಲೇ ಎಲ್ಲ ಧಾನ್ಯಕ್ಕೂ ಬೆಲೆ ಒಪ್ಪಂದ ಮಾಡಿಕೊಂಡಿದ್ದರೆ ಅವನಿಗೆ ಈ ಹಂತದಲ್ಲಿ ಏನೂ ದೊರೆಯದು. ಬೆಲೆ ಕುಸಿತದ ನಷ್ಟ ಅವನಿಗೆ ತಟ್ಟಲಿಲ್ಲವೆಂಬುದೇ ಇದರ ತರ್ಕ. ಆದರೆ ಸಾಂಕ್ರಾಮಿಕದ ಇತರ ಕಷ್ಟಗಳು ಈ ಲೆಕ್ಕದಲ್ಲಿ ಸೇರಲಿಲ್ಲ. 2020ರ ಸೆಪ್ಟೆಂಬರ್ 21ರಿಂದ ಆರಂಭವಾದ ಎರಡನೆಯ ಹಂತದಲ್ಲಿ ಮೆಕ್ಕೆಜೋಳಕ್ಕೆ ದಾಸ್ತಾನಿನ ಬದಲು ಬಿತ್ತನೆ ವಿಸ್ತೀರ್ಣವನ್ನು ಆಧಾರವಾಗಿಸಿ, ಎಕರೆಗೆ ಕನಿಷ್ಠ 15 ಡಾಲರ್ ನೀಡಲಾಯಿತು.

ದಾಖಲೆ ಮತ್ತು ತೆರಿಗೆ

ಅರ್ಜಿದಾರನ ಸ್ವಯಂ ದೃಢೀಕರಣವನ್ನು ನಂಬಿ ಹಣ ನೀಡಲಾಯಿತು. ದಾಖಲೆಗಳನ್ನು ಆಯ್ದ ಪ್ರಕರಣಗಳಲ್ಲಿ ಮಾತ್ರ ನಂತರ ಪರಿಶೀಲಿಸಲಾಯಿತು. ಇದರಿಂದ ನೆರವು ಬೇಗ ತಲುಪಿತಾದರೂ ತಪ್ಪು ಪಾವತಿಯ ಸಂಭವ ಹೆಚ್ಚಿತು. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಸಂಸ್ಥೆಯು 2022ರಲ್ಲಿ ಪರಿಶೀಲನೆಯನ್ನು ಬಿಗಿಗೊಳಿಸುವಂತೆ ಶಿಫಾರಸು ಮಾಡಿತು. ಪರಿಹಾರದ ಹಣವು ಕೃಷಿ ಆದಾಯವೆಂದು ತೆರಿಗೆಗೂ ಒಳಪಟ್ಟಿತು. ಕೈಗೆ ಬಂದುದೆಲ್ಲವನ್ನೂ ಸಾಲಕ್ಕೆ ಕಟ್ಟಿದ ಕೃಷಿಕನು ತೆರಿಗೆಗೆ ಬೇರೆ ಹಣ ಹೊಂದಿಸಬೇಕಾಗುತ್ತಿತ್ತು.

ಸಾರಾಂಶ

ಇಡೀ ಪರಿಹಾರವು ಒಂದು ದಿನಾಂಕದ ದಾಸ್ತಾನನ್ನು ಅವಲಂಬಿಸಿದಾಗ, ಆ ದಿನ ಕಣಜದಲ್ಲಿ ಎಷ್ಟಿತ್ತು, ಎಷ್ಟಕ್ಕೆ ಬೆಲೆ ಗೊತ್ತಾಗಿತ್ತು ಎಂಬುದನ್ನು ತೋರಿಸುವ ಪುಸ್ತಕವೇ ಹಕ್ಕಿನ ಆಧಾರವಾಗುತ್ತದೆ. ದಿನಾಂಕವು ಪ್ರಕಟವಾಗುವುದು ಅದು ಕಳೆದ ಮೇಲೆ. ಆದುದರಿಂದ ದಾಸ್ತಾನು ಪುಸ್ತಕವನ್ನು ಪರಿಹಾರ ಘೋಷಣೆಯಾದ ನಂತರ ಬರೆಯಲಾಗದು. ಅದನ್ನು ಎಂದಿನ ವ್ಯವಹಾರದ ಭಾಗವಾಗಿಯೇ ಇಟ್ಟುಕೊಂಡು ಬಂದಿರಬೇಕು.